ತಾನಾಗಿ ಬಿಗಿಯಾಗುವ ಸ್ಪ್ರಿಂಗು

ಹೊಸ ಹೆಂಡತಿಯ ನಡು ನೋಯಬಾರದೆಂದು ಕಲ್ಮೇಶ ಬೈಕಿನ ಹಿಂದಿನ ಹಳೇ ಶಾಕ್ ಅಬ್ಸಾರ್ಬರ್‌ಗಳನ್ನು ಕಿತ್ತೊಗೆದು, ಹುಬ್ಬಳ್ಳಿಯಿಂದ ದುಬಾರಿ ಜೋಡಿಯೊಂದನ್ನು ತಂದು ತಾನೇ ಕೂರಿಸಿದ. ಪಾನಾ ಹಾಕಿ ಸ್ಪ್ರಿಂಗನ್ನು ಮೆತ್ತಗೆ ತಿರುಗಿಸಿಟ್ಟ. ಮೊದಲ ದಿನ ಬೈಕು ತೊಟ್ಟಿಲಿನಂತೆ ತೂಗಿತು. ಮರುದಿನ ಚಕ್ಕಡಿಯ ಹಾಗೆ ಕುಕ್ಕಿತು. ಮತ್ತೆ ಮೆತ್ತಗೆ ಮಾಡಿದ; ಬೆಳಗಾಗುವಷ್ಟರಲ್ಲಿ ಮತ್ತೆ ಬಿಗಿ.

ತಲೆ ಕೆಟ್ಟು ಮೆಕ್ಯಾನಿಕ್ ಹತ್ತಿರ ಒಯ್ದ.

“ಮಾಲು ಚಲೋನ ಐತಿ,” ಎಂದ ಮೆಕ್ಯಾನಿಕ್. “ತಾನ ಬಿಗಿ ಆಗಂಗಿಲ್ಲ. ಯಾರೋ ಪಾನಾ ಹಾಕಿ ತಿರುವ್ಯಾರ.”

ಓಣಿಯ ಪೋಲಿಗಳದೇ ಕೆಲಸವೆಂದು ಹಲ್ಲು ಕಡಿಯುತ್ತ ಕಲ್ಮೇಶ ಮರುದಿನ ನಸುಕಿನಲ್ಲೇ ಎದ್ದು, ಸದ್ದಿಲ್ಲದೆ ಕದ ತೆರೆದ. ಬೈಕಿನ ಪಕ್ಕ ಪಾನಾ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು ಅವನ ಅವ್ವ.

“ಯವ್ವಾ, ಏನ ಮಾಡಾಕತ್ತಿ? ಆಕಿ ನಡಾ ಮುರದು ಹೋಗ್ತೈತಿ!”

ಅವ್ವ ತಲೆ ಎತ್ತಲಿಲ್ಲ. “ಲಗ್ನ ಆಗಿ ತಿಂಗಳಾತು. ಇನ್ನೂ ನಿಮ್ಮಿಬ್ಬರ ನಡುವ ಮೂರನೇದವ್ರು ಕುಂದ್ರುವಷ್ಟು ಜಾಗಾ ಐತಿ. ತಗ್ಗು ಬಂದಾಗರ ನಿನ್ನ ಹಿಡ್ಕೊಳ್ಳಲಿ.”

ಅಷ್ಟು ಹೇಳಿ ಬೈಕಿನ ಆಚೆ ಮಗ್ಗುಲಿಗೆ ತಿರುಗಿದಳು. “ನಾಚಬ್ಯಾಡ ಸೊಸಿ, ಬ್ಯಾಟರಿ ಬೆಳಕು ನೆಟ್ಟಗ ಹಿಡಿ.”