ಅರ್ಧ ಸೆಕೆಂಡು

ಹೊಸ ಕಂಪನಿಯ ಯಂತ್ರದ ಹೃದಯ ಹಾಕಿಸಿಕೊಂಡಾಗಿನಿಂದ, ಹಲಗೆ ಬಾರಿಸಿದರೆ ದುರಗಪ್ಪನಿಗೆ ತಲೆ ಸುತ್ತುತ್ತಿತ್ತು. ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಶಮೀಮಾ ಅವನ ಎದೆಗೆ ವೈರು ಸಿಕ್ಕಿಸಿ, ಕಂಪನಿಯವರು ಹಳೆಯ ಹೃದಯದಿಂದ ಹಾಗೇ ತಂದು ಹಾಕಿದ್ದ, ಬಡಿತ ನಡೆಸುವ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದಳು.

“ಕಂಪನಿಯವ್ರು ವಯಸ್ಸಾತು ಅಂದ್ರವ್ವಾ.”

“ವಯಸ್ಸಲ್ಲ ಕಾಕಾ. ಬಡಿತದ ನಡುವ ಅರ್ಧ ಸೆಕೆಂಡ್ ನಿಲ್ಲು ಅಂದ್ರ ಹಳೇ ಮಷಿನ್ ಅಷ್ಟ ನಿಲ್ತಿತ್ತು. ಇದಕ್ಕ ಅರ್ಧ ತಿಳ್ಯಂಗಿಲ್ಲ, ಪೂರ್ತಿ ಒಂದು ಸೆಕೆಂಡ್ ನಿಲ್ತೈತಿ. ನೀ ಹಲಗಿ ಬಾರಿಸಿದ್ರೂ ಬಡಿತ ಏರಂಗಿಲ್ಲ.”

ಅವಳು ಸೆಕೆಂಡುಗಳನ್ನೆಲ್ಲ ಮಿಲಿಸೆಕೆಂಡುಗಳಿಗೆ ಬದಲಿಸಿದಳು; ಅರ್ಧ ಇದ್ದಲ್ಲಿ ಐನೂರು ಬಂತು. ಗಿರಾಕಿ ತನ್ನ ಕೆಲಸ ಮಾಡಿ ತೋರಿಸದೆ ಆ ಅಂಗಡಿಯಲ್ಲಿ ವೈರು ಬಿಚ್ಚುವುದಿಲ್ಲ. ದುರಗಪ್ಪ ಹಲಗೆ ಎತ್ತಿಕೊಂಡ. ಪೆಟ್ಟು ಬಿರುಸಾದಂತೆ ಪರದೆಯ ಮೇಲೆ ಬಡಿತವೂ ಏರಿತು: ಎಂಬತ್ತು, ನೂರು, ನೂರಿಪ್ಪತ್ತು. ತಲೆ ಸುತ್ತಲಿಲ್ಲ.

ಸ್ಕ್ರಿಪ್ಟಿನ ಕೊನೆಗೆ, ಯಂತ್ರ ಓದದೆ ಬಿಡುವ ಸಾಲಿನಲ್ಲಿ, ತಪ್ಪು ತಿದ್ದಿದ್ದು ಯಾರೆಂದು ಕಂಪನಿಯವರು ಓದಲಿ ಎಂದು ಶಮೀಮಾ ತನ್ನ ಪೂರ್ತಿ ಹೆಸರು ಬರೆದಳು.