ಕಂಬದ ಬುಡದ ಮಣ್ಣು

ಗೋಲು ಕಂಬದ ಬುಡದಿಂದ ಕೆದರಿ ತಂದ ಮಣ್ಣನ್ನು ಹೆಟ್ಟಿ ಸಗ್ಡನ್ ಎಂಬ ಮುದುಕಿ ಊರಿನ ರಗ್ಬಿ ಕ್ಲಬ್ಬಿನ ಹೊಸ ಅಧ್ಯಕ್ಷನ ಮೇಜಿನ ಮೇಲೆ ಬಕೆಟ್ ಬೋರಲು ಹಾಕಿ ಸುರಿದಳು.

"ತಲೆಗಿಲೆ ಕೆಟ್ಟಿದೆಯೇನಮ್ಮಾ?" ಅವನು ಕೂತಲ್ಲಿಂದಲೇ ಗದರಿದ. "ಈ ಕ್ಲಬ್ಬನ್ನ ಈಗ ನಾಯಿನೂ ಮೂಸಲ್ಲ. ಮೈದಾನ ಮಾರಿ ಆಯ್ತು, ಸೋಮವಾರ ಸೂಪರ್‌ಮಾರ್ಕೆಟ್‌ನವರು ಅಗೀತಾರೆ. ಹಿಡಿ ಮಣ್ಣಿಗೆ ಇಷ್ಟೊಂದು ರಂಪಾನಾ?"

ಹೆಟ್ಟಿಯ ಮೈಯೆಲ್ಲ ಉರಿದುಹೋಯಿತು. ಯಾರ್ಕ್‌ಷೈರಿನ ಈ ಕ್ಲಬ್ಬಿನ ಗಣಿ ಕಾರ್ಮಿಕ ಹುಡುಗರು ಒಂದು ಕಾಲಕ್ಕೆ ದೇಶದ ದೊಡ್ಡ ಕಪ್ಪನ್ನೇ ಗೆದ್ದು ತಂದಿದ್ದರು. ಅಂದು ಅದನ್ನು ಎತ್ತಿ ಹಿಡಿದ ನಾಯಕ ಅವಳ ಗಂಡ ಕ್ಲೆಮ್. ಸತ್ತ ಮೇಲೆ, ಊರಿನ ಎಲ್ಲ ಆಟಗಾರರ ಹಾಗೆ, ಅವನ ಬೂದಿಯನ್ನೂ ಆ ಕಂಬದ ಬುಡದ ಮಣ್ಣಲ್ಲೇ ಬೆರೆಸಿದ್ದರು.

ಅಧ್ಯಕ್ಷ ಕೋಟಿನ ತೋಳಿಗೆ ಮೆತ್ತಿದ ಮಣ್ಣನ್ನು ಅಸಹ್ಯದಿಂದ ಕೊಡವಿಕೊಂಡ.

ಹೆಟ್ಟಿ ಮೇಜು ಗುದ್ದಿದಳು. "ಎದ್ದು ನಿಲ್ಲಯ್ಯ! ಕ್ಯಾಪ್ಟನ್ ಬಂದಿದಾರೆ."