ಮೂರು ಚಪ್ಪಾಳೆ

“‘ಸ್ಕೂಲ್’ ಅನ್ನೂ ಪದಕ್ಕ ಎಷ್ಟ್ ಚಪ್ಪಾಳಿ, ಹೇಳವ್ವಾ?” ಎಂದು ದಾಕ್ಷಾಯಣಿ ಟೀಚರ್ ಕೇಳಿದ್ದೇ ತಡ, ಆರು ವರ್ಷದ ಧನಲಕ್ಷ್ಮಿ ಮೂರು ಸಲ ತಟ್ಟಿಬಿಟ್ಟಳು. ಉತ್ತರದ ಹಾಳೆಯಲ್ಲಿ ಇದ್ದುದು ಒಂದು.

ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆದು, ತುಂಡಿಗೊಂದರಂತೆ ಚಪ್ಪಾಳೆ ತಟ್ಟಬೇಕು. ಯಲಹಂಕದ ಆ ಶಾಲೆಯಲ್ಲಿ ಒಂದನೆಯ ತರಗತಿಯ ಸೀಟು ನಿಂತಿದ್ದುದು ಅದರ ಮೇಲೆ. ಮಕ್ಕಳನ್ನು ಪರೀಕ್ಷಿಸಿ ಸೇರಿಸಿಕೊಳ್ಳಬಾರದೆಂದು ಕಾನೂನಿದೆ. ಆದಕಾರಣ ಪರೀಕ್ಷೆಗೆ ‘ಆಟ’ವೆಂದು ಹೆಸರಿಟ್ಟಿದ್ದರು.

“ಬಾಯಿಲೆ ಅಂದು ತಟ್ಟು ನೋಡೂಣು.”

“ಇಸ್... ಕೂ... ಲು!”

ಪೆನ್ನು ಎತ್ತಿದ ದಾಕ್ಷಾಯಣಿ ಹಾಗೇ ಕುಳಿತಳು. ಆಡಿದ್ದು ಮೂರು, ತಟ್ಟಿದ್ದೂ ಮೂರು. ಎಣಿಕೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ತಪ್ಪೆಂದು ಬರೆಯುವುದಾದರೂ ಯಾವುದನ್ನು? ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಸ್ಪ್ಯಾನಿಷ್ ಕಲಿಯುವ ಮಕ್ಕಳ ಕೂಗು ಕೇಳಿಸಿತು: “ಎಸ್-ಕ್ವೇ-ಲಾ!” ಮೂರು ಚಪ್ಪಾಳೆ. ಅದೂ ಸ್ಕೂಲೇ. ಗ್ರೀಕರ ಒಂದೇ ಬೇರಿನಿಂದ ಚಿಗುರಿ, ಸ್ಪೇನಿನವರ ನಾಲಗೆಯ ಮೇಲೆ ಮುಂದಕ್ಕೊಂದು ಸ್ವರ ಸೇರಿಸಿಕೊಂಡ ಪದ.

ಅವಳು ಹಾಳೆಯನ್ನು ಮೇಲ್ವಿಚಾರಕಿ ನಂದಿತಾಳ ಮೇಜಿಗೆ ಒಯ್ದಳು. “ಮೇಡಂ, ಕೂಸು ಅಂದದ್ದಕ್ಕ ಚಪ್ಪಾಳಿ ಸರಿ ಅದಾವಲ್ರಿ?”

“ಅಂದಿದ್ದೇ ತಪ್ಪಲ್ವಾ? ಇಸ್ಕೂಲಂತೆ, ಇಸ್ಕೂಲು!”

“ಮತ್ತ ಆ ಕೋಣ್ಯಾಗ ಎಸ್ಕ್ವೇಲಾ ಅನ್ನಾಕತ್ತಾರಲ್ರಿ?”

“ಅದು ಫಾರಿನ್ ಲಾಂಗ್ವೇಜ್ ಕಣ್ರೀ. ಅದಕ್ಕೆ ಬೇರೆ ರೂಲ್ಸು.”

‘ರೂಲ್ಸು’. ದಾಕ್ಷಾಯಣಿಯ ಮನಸ್ಸು ತಾನಾಗಿಯೇ ಎರಡು ಚಪ್ಪಾಳೆ ತಟ್ಟಿತು; ಇಂಗ್ಲಿಷಿನ ಲೆಕ್ಕದಲ್ಲಿ ಅದಕ್ಕೂ ಒಂದೇ. ಹಾಗಾದರೆ ಇಂಗ್ಲಿಷು ಯಾವ ಊರಿನ ಭಾಷೆ? ಕೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ನಂದಿತಾ ಹಾಳೆಗೆ ಕೆಂಪು ಗೀಟು ಎಳೆದಾಗಿತ್ತು.

ಹಿಂದಿನ ಕುರ್ಚಿಯಿಂದ ಮಗುವಿನ ಅಜ್ಜಿ, ಹುಣಸಮಾರನಹಳ್ಳಿಯ ಅಂಜಿನಮ್ಮ, ಮೆಲ್ಲಗೆ ಎದ್ದು ಬಂದಳು.

“ಮಗೀದೇನೂ ತೆಪ್ಪಿಲ್ಲ ತಾಯಿ. ಅದ್ಕೆ ಮಾತು ಕಲ್ಸಿದ್ದು ನಾನು. ನಾನೇ ಇಂಗನ್ನೋದು. ಸೀಟು ಕೊಟ್ಬುಡ್ರವ್ವ, ಇನ್ಮ್ಯಾಕೆ ಅದರ ಮುಂದೆ ಬಾಯೇ ಬಿಡಾಕಿಲ್ಲ.”

ಹೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧನಲಕ್ಷ್ಮಿ ಮಾತ್ರ ಎರಡೂ ಅಂಗೈಗಳನ್ನು ಎತ್ತಿ ಹಿಡಿದು, ಮುಂದಿನ ಪದ ಬರಲಿ ಎಂದು ಆ ಸೆರಗನ್ನೇ ನೋಡುತ್ತ ನಿಂತಿದ್ದಳು.